ಬಿಸ್ಮತ್ ಇದೆಯೋ, ಹೋಯಿತೋ?

ಬರೀ ಪ್ಲಾಟಿನಂ ಎಲೆಕ್ಟ್ರೋಡ್ ಮೇಲೆ ಫಾರ್ಮಿಕ್ ಆಸಿಡ್ ವೋಲ್ಟಮೋಗ್ರಾಮ್ (ಪೊಟೆನ್ಶಿಯಲ್ ಏರಿಸಿ ಇಳಿಸುತ್ತಾ ಕರೆಂಟ್ ಅಳೆದ ಗೆರೆ) ತೆಗೆದವರಿಗೆ ಈ ಚಿತ್ರ ಗೊತ್ತಿರುತ್ತದೆ. ಪೊಟೆನ್ಶಿಯಲ್ ಏರುವಾಗ ಕರೆಂಟ್ ತೆವಳುತ್ತದೆ, ಇಳಿಯುವಾಗ ಒಮ್ಮೆಲೇ ಜಿಗಿಯುತ್ತದೆ. ಇದು ಕಾರ್ಬನ್ ಮಾನಾಕ್ಸೈಡ್‌ನ ಕಾಟ. ಆಸಿಡ್‌ನ ಒಂದು ಪಾಲು ಒಡೆದು ಮಾನಾಕ್ಸೈಡ್ ಆಗಿ ಪ್ಲಾಟಿನಂಗೆ ಅಂಟಿ ಕೂರುತ್ತದೆ. ಮೇಲಿನ ಪೊಟೆನ್ಶಿಯಲ್‌ನಲ್ಲಿ ಅದು ಆಕ್ಸಿಡೀಕರಣವಾಗಿ ಹೋದ ಮೇಲೆಯೇ ಜಾಗ ಖಾಲಿ.

ಅದಕ್ಕೇ ನಾನು ಪ್ಲಾಟಿನಂ ಮೇಲೆ ಬಿಸ್ಮತ್ ಎಂಬ ಲೋಹ ಕೂರಿಸಲು ಹೊರಟೆ. ದಪ್ಪ ಲೇಪನ ಅಲ್ಲ, ಒಂದು ಪರಮಾಣು ದಪ್ಪದ ಪದರವೂ ಪೂರ್ತಿ ಆಗಬಾರದು. ಬಿಸ್ಮತ್ ಆಕ್ಸೈಡ್ ನೀರಲ್ಲಿ ಕರಗುವುದಿಲ್ಲ. ಅದಕ್ಕೇ 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಚಿಟಿಕೆಗಿಂತಲೂ ಕಡಿಮೆ ಕರಗಿಸಿದೆ. ಜ್ವಾಲೆಯಲ್ಲಿ ಕಾಯಿಸಿ ತಣಿಸಿದ ಎಲೆಕ್ಟ್ರೋಡನ್ನು ಅದರಲ್ಲಿ ಅರ್ಧ ನಿಮಿಷ ಅದ್ದಿ ತೊಳೆದೆ. ಕರೆಂಟ್ ಕೊಡಬೇಕಾಗಿಲ್ಲ, ಬಿಸ್ಮತ್ ತಾನೇ ಹಿಡಿದುಕೊಳ್ಳುತ್ತದೆ.

ಎಷ್ಟು ಕೂತಿತು ಅಂತ ಹೇಳುವುದು ಹೈಡ್ರೋಜನ್ ಉಬ್ಬುಗಳು, ಅಂದರೆ ಖಾಲಿ ಪ್ಲಾಟಿನಂಗೆ ಹೈಡ್ರೋಜನ್ ಅಂಟುವಾಗ, ಬಿಡುವಾಗ ಗೆರೆಯಲ್ಲಿ ಏಳುವ ಉಬ್ಬುಗಳು. ಹೋಲಿಕೆಗೆ ಇಟ್ಟ ರಿವರ್ಸಿಬಲ್ ಹೈಡ್ರೋಜನ್ ಎಲೆಕ್ಟ್ರೋಡ್ ಲೆಕ್ಕದಲ್ಲಿ ಅವು 0.05ರಿಂದ 0.4 ವೋಲ್ಟ್ ನಡುವೆ ಬರುತ್ತವೆ. ಸ್ವಚ್ಛ ಪ್ಲಾಟಿನಂನ ಒಂದು ಚದರ ಸೆಂಟಿಮೀಟರ್ ನಿಜ ಮೇಲ್ಮೈಗೆ 210 ಮೈಕ್ರೋಕೂಲಂಬ್ ಚಾರ್ಜ್ ಎಂದು ಹಿಡಿಯುತ್ತೇವೆ. ನನ್ನದರಲ್ಲಿ ಮೂರನೇ ಒಂದು ಪಾಲು ಕಡಿಮೆಯಾಗಿತ್ತು. ಅಂದರೆ ಅಷ್ಟು ಪ್ಲಾಟಿನಂ ಮುಚ್ಚಿದೆ.

ಫಾರ್ಮಿಕ್ ಆಸಿಡ್ ಹಾಕಿದೆ. ಏರುವ ಗೆರೆ, ಇಳಿಯುವ ಗೆರೆ ಎರಡೂ ಹತ್ತಿರ ಹತ್ತಿರ! ಮಾನಾಕ್ಸೈಡ್ ಹುಟ್ಟಲು ಅಕ್ಕಪಕ್ಕ ಕೆಲವು ಪ್ಲಾಟಿನಂ ಪರಮಾಣು ಬೇಕು. ಬಿಸ್ಮತ್ ನಡುವೆ ಕೂತು ಆ ಗುಂಪನ್ನೇ ಒಡೆಯುತ್ತದೆ. ನೇರವಾಗಿ ಕಾರ್ಬನ್ ಡೈಆಕ್ಸೈಡ್ ಆಗುವ ದಾರಿಗೆ ಅಷ್ಟು ಜಾಗ ಬೇಡ.

ಖುಷಿ ಮೂರೇ ಸುತ್ತಿಗೆ ಮುಗಿಯಿತು. ಕರೆಂಟ್ ಕುಸಿಯತೊಡಗಿತು. ದ್ರಾವಣ ಕೆಟ್ಟಿದೆ ಅಂದುಕೊಂಡು ಎರಡು ಸಲ ಬದಲಿಸಿದೆ, ಗಾಜಿನ ಸಾಮಾನೆಲ್ಲ ಮತ್ತೆ ತೊಳೆದೆ. ಕೊನೆಗೆ ಎಲೆಕ್ಟ್ರೋಡನ್ನು ಬರೀ ಸಲ್ಫ್ಯೂರಿಕ್ ಆಸಿಡ್‌ಗೆ ಹಾಕಿ ನೋಡಿದರೆ ಹೈಡ್ರೋಜನ್ ಉಬ್ಬುಗಳು ಮೊದಲಿನಂತೆ ಪೂರ್ತಿ ಎದ್ದು ನಿಂತಿವೆ. ತಪ್ಪು ನನ್ನದೇ. ಹಳೇ ಅಭ್ಯಾಸದಲ್ಲಿ 1.2 ವೋಲ್ಟ್‌ವರೆಗೆ ಹೋಗುತ್ತಿದ್ದೆ. ಅಲ್ಲಿ ಬಿಸ್ಮತ್ ಆಕ್ಸಿಡೀಕರಣವಾಗಿ ದ್ರಾವಣಕ್ಕೆ ಜಾರಿಬಿಡುತ್ತದೆ. ಮತ್ತೆ ಅದ್ದಿ, 0.8ಕ್ಕೇ ನಿಲ್ಲಿಸಿದೆ. ಪದರ ಉಳಿಯಿತು.

ಇದೇ ಎಲೆಕ್ಟ್ರೋಡನ್ನು ಮೆಥನಾಲ್‌ಗೂ ಹಾಕಿ ನೋಡಿದೆ. ಆಸೆ ಜಾಸ್ತಿ, ಅಲ್ವಾ? ಕರೆಂಟ್ ಬರೀ ಪ್ಲಾಟಿನಂಗಿಂತ ಕಡಿಮೆ ಬಂತು. ಮೆಥನಾಲ್ ಒಡೆಯಲು ಪ್ಲಾಟಿನಂ ಗುಂಪೇ ಬೇಕು, ಜೊತೆಗೆ ಅಂಟಿದ ಮಾನಾಕ್ಸೈಡನ್ನು ಆಕ್ಸಿಡೀಕರಿಸಲು ಆಕ್ಸಿಜನ್ ಕೊಡುವವರೂ ಬೇಕು. ರುಥೇನಿಯಂ ಕಡಿಮೆ ಪೊಟೆನ್ಶಿಯಲ್‌ನಲ್ಲೇ ನೀರಿನಿಂದ ಅದನ್ನು ಒದಗಿಸುತ್ತದೆ. ಮೆಥನಾಲ್‌ಗೆ ಈಗ ರುಥೇನಿಯಂ ಕೂರಿಸಿದ ಬೇರೆ ಎಲೆಕ್ಟ್ರೋಡನ್ನೇ ಎತ್ತಿಟ್ಟಿದ್ದೇನೆ.