ಒಂದು ಎಚ್‌ಪಿಗೆ ಎರಡು ಲಕ್ಷ: ನಮ್ಮ ತೋಟದ ಪಿಕಪ್ಪಿನ ಕಥೆ

"ಅಲ್ಲ ಮಾರಾಯ, ಗಾಡಿ ಜತೆ ಬಂದ ಎಂಜಿನ್ 62 ಎಚ್‌ಪಿ. ನೀನು ಕೂರಿಸ್ತೀನಿ ಅನ್ನೋದು 63. ಒಂದು ಕುದುರೆಗೆ ಎರಡು ಲಕ್ಷವಾ? ಅದಕ್ಕೆ ನಿಜವಾದ ಕುದುರೇನೇ ಬರುತ್ತಲ್ಲ!"

ತೋಟದ ಪಿಕಪ್ಪಿಗೆ ಬೇರೆ ಎಂಜಿನ್ ಕೂರಿಸ್ತೀನಿ ಅಂದದ್ದಕ್ಕೆ ನಮ್ಮ ಭಾವ ಈ ಮಾತನ್ನು ಮದುವೆ ಮನೆ, ತಿಥಿ ಮನೆ ಅಂತ ನೋಡದೆ ಎರಡು ವರ್ಷ ಹೇಳಿಕೊಂಡು ತಿರುಗಿದರು. ಈ ಜನವರಿಯಲ್ಲಿ ಹಿಂದೆ 16 ಮೂಟೆ ಕಾಫಿ ಹಣ್ಣು ಹೇರಿ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೆರೆ ಕಡೆಯ ಏರು ಹತ್ತಿಸಿದೆ. ಅರ್ಧ ಏರಿನಲ್ಲಿ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತೆ. ಗಾಡಿ ತನ್ನ ಪಾಡಿಗೆ ತಾನು ಹತ್ತಿತು. ಭಾವ ಕಣ ಮುಟ್ಟುವ ತನಕ ತುಟಿ ಬಿಚ್ಚಲಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ನಮ್ಮದು ಮೂಡಿಗೆರೆ ಕಡೆ, ಕೊಟ್ಟಿಗೆಹಾರದಿಂದ ಒಳಗೆ. ಗಾಡಿ 1992ರ ಮಹೀಂದ್ರಾ ಪಿಕಪ್, ಫೋರ್ ವೀಲ್. 2112 ಸಿಸಿ ಪ್ಯೂಜೋ ಡೀಸೆಲ್, ನಾಲ್ಕು ಗೇರು, ಹಿಂದೆ ಮುಂದೆ ಎರಡೂ ಕಡೆ ಆಕ್ಸಲ್ಲಿನಲ್ಲಿ 5.38 ಕ್ರೌನ್-ಪಿನಿಯನ್, ಅಂದರೆ ಶಾಫ್ಟ್ 5.38 ಸುತ್ತು ಬಂದರೆ ಚಕ್ರ ಒಂದು ಸುತ್ತು. ಅಪ್ಪ ಸೆಕೆಂಡ್ ಹ್ಯಾಂಡ್ ತಂದದ್ದು. ಒಳ್ಳೆಯ ಎಂಜಿನ್, ಸುಳ್ಳು ಹೇಳಬಾರದು, 20 ವರ್ಷಕ್ಕೂ ಮೇಲೆ ದುಡಿದಿದೆ. ಆದರೆ ಅದರ 62 ಎಚ್‌ಪಿ ಸಿಗೋದು 4500 ಆರ್‌ಪಿಎಂನಲ್ಲಿ. ತೋಟದ ಏರಿನಲ್ಲಿ 4500 ಓಡಿಸೋರು ಯಾರು? ಲೋಡ್ ಬಿದ್ದು ಎಂಜಿನ್ 1500ಕ್ಕೆ ಇಳಿದರೆ ಉಸಿರೇ ಇಲ್ಲ. ಆಗ ಡ್ರೈವರ್ ಕ್ಲಚ್ ಜಾರಿಸುತ್ತಾನೆ. ಸೀಸನ್ನಿಗೊಂದು ಕ್ಲಚ್ ಪ್ಲೇಟ್ ಖಾಯಂ. ಡಿಸೆಂಬರ್ ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಎಂಜಿನ್ನಿನ ಹೀಟರ್ ಕೆಂಪಾಗೋದನ್ನು ಕಾಯುತ್ತಾ ಕೂತರೆ ಆಳುಗಳು ನಡೆದುಕೊಂಡೇ ತೋಟ ತಲುಪುತ್ತಿದ್ದರು.

ಮೊದಲು ಮಾಡಿದ ತಪ್ಪು, ಅದೇ ಮನೆತನದ ದೊಡ್ಡಣ್ಣನನ್ನು ತಂದದ್ದು. ಪ್ಯೂಜೋದ್ದೇ 2498 ಸಿಸಿಯ ಎಕ್ಸ್‌ಡಿ3ಪಿ ಎಂಜಿನ್. ಕೂರಿಸೋದು ಸುಲಭ, ಎಚ್‌ಪಿಯೂ ಜಾಸ್ತಿ. ನಾನು ರೇಡಿಯೇಟರ್ ಮಾತ್ರ ಹಳೆಯದನ್ನೇ ಬಿಟ್ಟೆ. ಎಂಟು ಸಾವಿರ ಉಳಿಸುವ ಆಸೆ. ಒಂದು ಏಪ್ರಿಲ್ ಮಧ್ಯಾಹ್ನ ಉಜಿರೆಯಿಂದ ಗೊಬ್ಬರ ಹೇರಿಕೊಂಡು ಚಾರ್ಮಾಡಿ ಹತ್ತುವಾಗ ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಕುದಿಯಿತು. ಹೆಡ್ ಬಾಗಿತ್ತು. ತಪ್ಪು ನಂದೇ, ಎಂಜಿನ್ನದ್ದಲ್ಲ. ಎಲ್ಲಾ ಸೇರಿ 45 ಸಾವಿರ ಹೋಯ್ತು. ಹೆಡ್ ಸರಿಯಾದ ಮೇಲೂ ಕೆರೆ ಏರಿನಲ್ಲಿ ಹಳೇ ಕಥೆಯೇ. ಸ್ವಲ್ಪ ಜಾಸ್ತಿ ಉಸಿರು, ಅಷ್ಟೇ.

ಎರಡನೆಯ ತಪ್ಪು ಇನ್ನೂ ದುಬಾರಿ, ನಗೆಪಾಟಲು ಬೇರೆ. ಗಾಡಿ ಟಾರು ರಸ್ತೆಯಲ್ಲಿ 60 ದಾಟಿದರೆ ಅರಚುತ್ತಿತ್ತು. "ಡಿಫರೆನ್ಷಿಯಲ್ ಬದಲಾಯಿಸು" ಅಂದರು ನಾಲ್ಕು ಜನ. ಕ್ರೌನ್-ಪಿನಿಯನ್ ಇರೋದು ಅದರಲ್ಲೇ, ಅನುಪಾತ ಕಡಿಮೆಯಾದರೆ ಅದೇ ವೇಗಕ್ಕೆ ಎಂಜಿನ್ ಕಡಿಮೆ ತಿರುಗುತ್ತೆ. ಗುಜರಿಯಲ್ಲಿ ಹಿಂದಿನ ಆಕ್ಸಲ್ಲಿನ ಒಂದು ಹೌಸಿಂಗ್, ಡಿಫರೆನ್ಷಿಯಲ್ ಸಮೇತ, ಸಿಕ್ಕಿತು. ಕೊಟ್ಟವರು 4.27 ಅಂದಿದ್ದರು. ಮನೆಗೆ ತಂದು ಹಲ್ಲು ಎಣಿಸಿದರೆ 11ಕ್ಕೆ 41, ಅಂದರೆ 3.73. ಇರಲಿ, ಮುಂದಿನ ಆಕ್ಸಲ್ಲಿಗೂ ಅಂಥದ್ದೇ ಸಿಗುವ ತನಕ ಟೂ ವೀಲಲ್ಲಿ ಓಡಿಸಿ ನೋಡೋಣ ಅಂತ ಹಾಕಿದೆ. ಮುಂದೆ 5.38, ಹಿಂದೆ 3.73. ಫೋರ್ ವೀಲ್ ಹಾಕಿದರೆ ಎರಡೂ ಒಂದನ್ನೊಂದು ಎಳೆದಾಡುತ್ತವೆ. ಡ್ರೈವರಿಗೆ ಮೂರು ಸಲ ಹೇಳಿದ್ದೆ, ಫೋರ್ ವೀಲ್ ಲಿವರ್ ಮುಟ್ಟಬೇಡ ಅಂತ. ಒಂದು ಮಳೆ ದಿನ ಗದ್ದೆ ಬದಿಯಲ್ಲಿ ಹೂತುಕೊಂಡಿತು. ಅಭ್ಯಾಸಬಲ, ಎಳೆದೇಬಿಟ್ಟ. ಗಾಡಿ ಕೆಸರಲ್ಲಿ ಎರಡು ಸಲ ಕುಪ್ಪಳಿಸಿ, ಟಪ್ ಅಂತ ಸದ್ದು ಮಾಡಿ ನಿಂತಿತು. ಮುಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಕೀಲು, ಎರಡು ತುಂಡು. ಅದರ ಒಂದು ತುಂಡು ಇನ್ನೂ ನನ್ನ ಮೇಜಿನ ಮೇಲೆ ಪೇಪರ್ ಹಾರದ ಹಾಗೆ ಕೂತಿದೆ. ಡ್ರೈವರನ್ನು ಬೈಯಲಿಲ್ಲ. ಅಂಥ ಗಾಡಿ ಕೊಟ್ಟವನು ನಾನು.

ಕ್ರಾಸ್ ಮುರಿಯದಿದ್ದರೂ ಆ ಅನುಪಾತ ನಮಗೆ ಆಗುತ್ತಿರಲಿಲ್ಲ. ಖಾಲಿ ಗಾಡಿಯೇ ಮೊದಲ ಗೇರಿನಲ್ಲಿ ಏರು ಹತ್ತಲು ಅಳುತ್ತಿತ್ತು. 18 ಸಾವಿರಕ್ಕೆ ತಂದ ಹೌಸಿಂಗ್ ಎಂಟಕ್ಕೆ ಹೋಯ್ತು.

ಆಮೇಲೆ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಮಹೀಂದ್ರಾದ್ದೇ ಬೊಲೆರೊ ಡಿಐನ 2523 ಸಿಸಿ ಟರ್ಬೊ ಎಂಜಿನ್ ತಗೊಳ್ಳಿ. ಡಿಐ ಅಂದರೆ ಡೀಸೆಲ್ಲನ್ನು ನೇರ ಸಿಲಿಂಡರಿಗೇ ಚಿಮ್ಮಿಸೋದು. 63 ಎಚ್‌ಪಿ, ಆದರೆ 3200ರಲ್ಲೇ. ಟಾರ್ಕ್, ಅಂದರೆ ತಿರುಗಿಸುವ ಬಲ, 18 ಕೆಜಿ-ಮೀಟರ್, ಅದೂ 1500 ಆಸುಪಾಸಿನಲ್ಲಿ. ನಮ್ಮ ಹಳೆಯದು 2000ಕ್ಕೆ 12 ಕೊಡುತ್ತಿತ್ತು. ಒಂದೂವರೆ ಪಟ್ಟು ಆಯ್ತಲ್ಲ! ಹಳೆಯದರ ಬೋರ್ (ಸಿಲಿಂಡರಿನ ಅಗಲ) 90 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 83. ಡಿಐದು ಬೋರ್ 88.9, ಸ್ಟ್ರೋಕ್ 101.6. ಉದ್ದ ಸ್ಟ್ರೋಕಿನ ಎಂಜಿನ್ನು ಟ್ರ್ಯಾಕ್ಟರ್ ಥರ ಕೆಳಗಿನಿಂದ ಎಳೆಯುತ್ತೆ. ಮೆಕ್ಯಾನಿಕಲ್ ಪಂಪು, ಅದರಲ್ಲಿ ವೇಗ ಕಾಯುವ ಗವರ್ನರ್ ಇದೆ, ಕಾಲು ತೆಗೆದರೂ ಐಡ್ಲಿಂಗ್ ಬಿಟ್ಟುಕೊಡಲ್ಲ. ಸದ್ದು ಮಾತ್ರ ಹಿಟ್ಟಿನ ಗಿರಣಿಯದ್ದೇ. ನಮಗೆ ತೋಟದಲ್ಲಿ ಏನು, ಸಂಗೀತ ಕೇಳಬೇಕಾ? ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಎಂಜಿನ್ ಹಾಕು ಅಂದವರೂ ಇದ್ದರು. ವೈರಿಂಗ್, ಸೆನ್ಸರು, ಮಳೆಗಾಲದ ಶೆಡ್ಡು, ಇಲಿ. ಬೇಡ.

ಇನ್ನು ಗೇರು. ಆಕ್ಸಲ್ 5.38 ಹಾಗೇ ಬಿಟ್ಟೆ, ಐದು ಗೇರಿನ ಬಾಕ್ಸನ್ನು ಎಂಜಿನ್ ಜತೆಗೇ ತಂದೆ. ಜನ ಇಲ್ಲೇ ತಲೆ ಆಡಿಸಿದ್ದು. "ಡಿಐ ಎಂಜಿನ್ 3200 ದಾಟಲ್ಲ, ಅದಕ್ಕೆ 5.38 ಕೊಟ್ಟರೆ ಎತ್ತಿನ ಗಾಡಿ ಆಗುತ್ತೆ" ಅಂತ. ಐದನೇ ಗೇರು ಓವರ್‌ಡ್ರೈವ್ ಅನ್ನೋದನ್ನು ಮರೆತಿದ್ದರು. ಅದು ಸುಮಾರು 0.8, ಅಂದರೆ ಎಂಜಿನ್ನಿಗಿಂತ ಶಾಫ್ಟೇ ಜೋರಾಗಿ ತಿರುಗುತ್ತೆ. 5.38ಕ್ಕೆ ಗುಣಿಸಿ, 4.3 ಆಯ್ತು. ಜತೆಗೆ 6.00-16 ಟಯರ್ ತೆಗೆದು 7.00-16 ಹಾಕಿದೆ. ಮೊದಲು 60ಕ್ಕೆ ಎಂಜಿನ್ 2400 ತಿರುಗುತ್ತಿತ್ತು. ಈಗ ಅದೇ 2400ಕ್ಕೆ ಗಾಡಿ 80ರಲ್ಲಿದೆ. ಇನ್ನು ಕೆಳ ಗೇರಿನ ಲೆಕ್ಕ ನೋಡಿ. ಮೊದಲ ಗೇರು ಹತ್ತಿರ ಹತ್ತಿರ 3.8, ಟ್ರಾನ್ಸ್‌ಫರ್ ಕೇಸಿನ (ಹಿಂದೆ ಮುಂದೆ ಬಲ ಹಂಚುವ ಪೆಟ್ಟಿಗೆ) ಲೋ 2.46, ಆಕ್ಸಲ್ 5.38. ಗುಣಿಸಿದರೆ 50. ಐಡ್ಲಿಂಗಿನಲ್ಲಿ ಗಂಟೆಗೆ ಎರಡು ಚಿಲ್ಲರೆ ಕಿಲೋಮೀಟರ್. ನಮ್ಮ ಮೇಸ್ತ್ರಿ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಂಡು ನಡೆದು ಬರುತ್ತಾರೆ, ಗಾಡಿಗಿಂತ ಮುಂದೆ ಹೋಗಿ ಕಾಯುತ್ತಾರೆ. ಇಳಿಜಾರಲ್ಲಿ ಇದರ ಲಾಭ ಇನ್ನೂ ಜಾಸ್ತಿ. ಒದ್ದೆ ಜೇಡಿ ಮಣ್ಣಲ್ಲಿ ಬ್ರೇಕ್ ಮುಟ್ಟುವ ಪ್ರಶ್ನೆಯೇ ಇಲ್ಲ.

ನನಗೆ ಸಿಕ್ಕ ಬಾಕ್ಸ್ ಟೂ ವೀಲ್‌ನದ್ದು. ಬಾಲ ತೆಗೆದು, ನಮ್ಮ ಹಳೇ ಟ್ರಾನ್ಸ್‌ಫರ್ ಕೇಸನ್ನು ಅದಕ್ಕೆ ಜೋಡಿಸಬೇಕು. ನಡುವೆ ಒಂದು ಪ್ಲೇಟು, ಒಂದು ಶಾಫ್ಟು. ಮೊದಲ ಪ್ಲೇಟು ಕೂದಲೆಳೆಯಷ್ಟು ಓರೆ ಇತ್ತು, 200 ಕಿಲೋಮೀಟರಿಗೆ ಬೇರಿಂಗ್ ಕೂಗಿತು. ಎರಡನೆಯದು ಎಣ್ಣೆ ಸುರಿಸಿತು. ಮೂರನೆಯದು ಕೂತಿತು. ಅದರ ಅಳತೆ ಇಲ್ಲಿ ಬರೆಯಲ್ಲ, ಬೇಜಾರು ಮಾಡ್ಕೋಬೇಡಿ. ಮೂರು ಪ್ಲೇಟಿನ ದುಡ್ಡು ನಾನು ಕೊಟ್ಟಿದ್ದೇನೆ. ಶಾಫ್ಟನ್ನು ಎಲ್ಲಿ ಕತ್ತರಿಸಿ ಏನು ಮಾಡಿದೆವು ಅನ್ನೋದು ನನಗೂ ಲೇತ್‌ನವರಿಗೂ ಮಾತ್ರ ಗೊತ್ತು. ಡಿಐ ತೂಕ ಜಾಸ್ತಿ ಆದ್ದರಿಂದ ಮುಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಸೇರಿಸಿ, ಇಲ್ಲವಾದರೆ ಮೂಗು ನೆಲ ನೋಡುತ್ತೆ. ರೇಡಿಯೇಟರ್ ಈ ಸಲ ಹೊಸದೇ ತಂದೆ, ಪಾಠ ಕಲಿತಿದ್ದೆ.

ಮಧ್ಯದಲ್ಲಿ ಒಂದು ಹುಚ್ಚು. ಮಳೆಗಾಲದಲ್ಲಿ ಟಯರಿಗೆ ಚೈನ್ ಕಟ್ಟಿ ಬಿಚ್ಚಿ ಸಾಕಾಗಿ, ಹಿಂದಿನ ಡಿಫರೆನ್ಷಿಯಲ್ಲಿನ ಒಳಗಿನ ಗೇರಿಗೆ ವೆಲ್ಡ್ ಹೊಡೆಸಿದೆ. ಎರಡೂ ಚಕ್ರ ಒಟ್ಟಿಗೇ ತಿರುಗಬೇಕು ಅಂತ. ಕೆಸರಲ್ಲಿ ಆನೆ ಬಲ ಬಂತು. ಟಾರು ರಸ್ತೆಯಲ್ಲಿ ತಿರುವು ಬಂದಾಗೆಲ್ಲ ಟಯರ್ ಕಿರುಚಿತು. ಮೂರನೇ ವಾರ ನಮ್ಮ ಗೇಟಿನ ತಿರುವಿನಲ್ಲೇ ಆಕ್ಸಲ್ ಶಾಫ್ಟ್ ಕಡಿಯಿತು. ವೆಲ್ಡ್ ಹೊಡೆದದ್ದು ತೆಗೆಯೋಕೆ ಬರಲ್ಲ, ಬೇರೆ ಸೆಟ್ಟೇ ತಂದೆ. ಈಗ ಮತ್ತೆ ಚೈನೇ. ಜೂನಿನಲ್ಲಿ ಕಟ್ಟಿದರೆ ಸೆಪ್ಟೆಂಬರಿಗೆ ಬಿಚ್ಚೋದು.

ಕಾಗದದ ವಿಷಯ ಬಿಡಬೇಡಿ. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ನಂಬರ್ ಬದಲಾಗಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ನಂದು ಅದೇ ಕಂಪನಿಯ, ಅದೇ ಡೀಸೆಲ್ ಎಂಜಿನ್ ಆದ್ದರಿಂದ ಮಾತಾಡುವುದು ಸುಲಭವಾಯ್ತು. ಎಂಜಿನ್ ಯಾವ ಗಾಡಿಯದ್ದು, ಅದರ ಬಿಲ್ಲು ಎಲ್ಲಿ ಅಂತ ಕೇಳುತ್ತಾರೆ. ಬಿಲ್ಲಿಲ್ಲದ ಎಂಜಿನ್ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ದುಡ್ಡು ಕೇಳಿದರೆ ನೆನಪಿನಿಂದ ಹೇಳುತ್ತೇನೆ. ಎಂಜಿನ್ ಬಾಕ್ಸ್ ಸೇರಿ 75 ಸಾವಿರ. ಪಂಪು, ನಾಝಲ್, ಟರ್ಬೊ ರಿಪೇರಿ 28. ಮೂರು ಪ್ಲೇಟು, ಶಾಫ್ಟು 22. ರೇಡಿಯೇಟರ್, ಮೌಂಟಿಂಗ್, ಕ್ಲಚ್, ಪಟ್ಟಿ 30ರ ಹತ್ತಿರ. ಟಯರ್ ಐದು, ಅದೊಂದು 35. ಭಾವ ಹೇಳಿದ ಎರಡು ಲಕ್ಷ ಸುಳ್ಳಲ್ಲ. ಎಕ್ಸ್‌ಡಿ3ಪಿ, ಹೌಸಿಂಗು, ವೆಲ್ಡಿನ ಹುಚ್ಚು ಇದರಲ್ಲಿ ಸೇರಿಲ್ಲ. ಮನೆಯಲ್ಲಿ ಹೆಂಡತಿಗೆ ಹೇಳಿರೋದು ಒಂದು ಲಕ್ಷ ಇಪ್ಪತ್ತು ಸಾವಿರ. ಈ ಪ್ಯಾರಾ ಅವಳ ಕಣ್ಣಿಗೆ ಬೀಳದಿರಲಿ.

ಡೀಸೆಲ್ ಮೊದಲು ಲೀಟರಿಗೆ 9 ಕೊಡುತ್ತಿತ್ತು, ಈಗ 12, ಖಾಲಿ ಇದ್ದರೆ 13. ಎರಡು ಸೀಸನ್ ಆಯ್ತು, ಅದೇ ಕ್ಲಚ್ ಪ್ಲೇಟು. ಚಳಿಯಲ್ಲಿ ಹೀಟರ್ ಕಾಯುವ ಕೆಲಸ ಇಲ್ಲ, ಅರ್ಧ ಸುತ್ತಿಗೇ ಶುರು.

ಮೂರನೇ ಪ್ಲೇಟಿನ ಕೆಳಗಿನ ಬೋಲ್ಟಿನಿಂದ ದಿನಕ್ಕೆ ನಾಲ್ಕೈದು ಹನಿ ಎಣ್ಣೆ ಇನ್ನೂ ಬೀಳುತ್ತೆ. ಶೆಡ್ಡಲ್ಲಿ ಅದರಡಿ ಒಂದು ಡಾಲ್ಡಾ ಡಬ್ಬ ಇಟ್ಟಿದ್ದೇನೆ. ಮೊನ್ನೆ ಭಾವ ಬಂದವರು ಬಗ್ಗಿ ಆ ಡಬ್ಬ ನೋಡಿದರು. ಖುಷಿಯಾಗಿ ಎದ್ದು ನಿಂತು, ತಮ್ಮ ಜೀಪಿಗೆ ಇದೆಲ್ಲ ಮಾಡಿಸಲು ಎಷ್ಟು ದಿನ ಹಿಡಿಯುತ್ತೆ ಅಂತ ಕೇಳಿದರು.