ಶ್ವಾಸಕೋಶದ ಗಂಟು: ಪೆಟ್-ಸಿಟಿ ವರದಿ ಓದುವುದು ಹೇಗೆ?

ಪೆಟ್-ಸಿಟಿಯಲ್ಲಿ ಸಿಟಿ ಗಂಟಿನ ಆಕಾರ ತೋರಿಸುತ್ತದೆ, ಪೆಟ್ ಅದರ ಹೊಳಪು; ಆ ಹೊಳಪಿನ ಅಂಕಿಯೇ ಎಸ್‌ಯುವಿ. ವರದಿಯಲ್ಲಿ ‘ಎಸ್‌ಯುವಿ 6’ ಎಂದು ಕಂಡ ಕೂಡಲೇ ಮನೆಮಂದಿಯೆಲ್ಲ ಅಳುತ್ತಾ ಕೂತಿದ್ದನ್ನು ನೋಡಿದ್ದೇನೆ. ಬಯಾಪ್ಸಿ ಮಾಡಿದಾಗ, ಅಂದರೆ ಗಂಟಿನ ತುಣುಕು ತೆಗೆದು ಪರೀಕ್ಷಿಸಿದಾಗ, ಸಿಕ್ಕಿದ್ದು ಟಿಬಿ.

ಮೊದಲು ಹಳೆಯ ಎಕ್ಸ್‌ರೇ, ಸಿಟಿ ಹುಡುಕಿ. ಬೀರುವಿನ ಮೂಲೆಯಲ್ಲಿ ಇದ್ದೇ ಇರುತ್ತವೆ. ಗಟ್ಟಿ ಗಂಟು ಎರಡು ವರ್ಷ ಒಂದೇ ಅಳತೆಯಲ್ಲಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ತುಂಬಾ ಕಡಿಮೆ.

ಆಮೇಲೆ ಹೊಸ ಸಿಟಿ. ಗಂಟಿನೊಳಗೆ ಕೊಬ್ಬು ಕಂಡರೆ, ಅಥವಾ ಇಡೀ ಗಂಟು ಸುಣ್ಣಗಟ್ಟಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಅಂಚಿನಿಂದ ಮುಳ್ಳು ಎದ್ದಂತಿದ್ದರೆ ಅನುಮಾನ. 8 ಮಿ.ಮೀ.ಗಿಂತ ಸಣ್ಣ ಗಂಟಿಗೆ ಪೆಟ್ ಮಾಡಿಸಲು ಓಡಬೇಡಿ, ಅದನ್ನು ಪೆಟ್ ನಂಬುವಷ್ಟು ಸರಿಯಾಗಿ ಹಿಡಿಯುವುದಿಲ್ಲ. ವೈದ್ಯರು ಹೇಳಿದ ತಿಂಗಳಿಗೆ ಮತ್ತೆ ಸಿಟಿ ಸಾಕು.

ಪೆಟ್ ದಿನ 4ರಿಂದ 6 ಗಂಟೆ ಉಪವಾಸ, ಬರೀ ನೀರು. ‘ಸುಮ್ನೆ ಅರ್ಧ ಲೋಟ ಕಾಫಿ’ ಕೂಡ ಬೇಡ.

ಎಡವುವುದು ಇನ್ನು ಮುಂದೆ. ಪೆಟ್‌ಗೆ ಕೊಡುವ ಇಂಜೆಕ್ಷನ್ ಸಕ್ಕರೆಯಂಥದ್ದೇ, ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿರುತ್ತಾರೆ. ಸುಮಾರು ಒಂದು ಗಂಟೆ ಬಿಟ್ಟು ಚಿತ್ರ ತೆಗೆದಾಗ, ಸಕ್ಕರೆ ಜಾಸ್ತಿ ಹೀರಿದ ಜಾಗ ಹೊಳೆಯುತ್ತದೆ. ಕ್ಯಾನ್ಸರ್ ಹೀರುತ್ತದೆ. ಟಿಬಿಯ ಜೊತೆ ಹೋರಾಡುವ ನಮ್ಮದೇ ಜೀವಕೋಶಗಳೂ ಹೀರುತ್ತವೆ, ಅಲ್ವಾ? ಹಾಗಾಗಿ ‘ಎಸ್‌ಯುವಿ 2.5 ದಾಟಿದರೆ ಕ್ಯಾನ್ಸರ್’ ಎಂಬ ಹಳೆಯ ಲೆಕ್ಕ ಟಿಬಿ ತುಂಬಿರುವ ನಮ್ಮ ದೇಶದಲ್ಲಿ ನಡೆಯುವುದಿಲ್ಲ. ತಿರುಗಾ, ಹೊಳೆಯದಿದ್ದರೆ ಕ್ಷೇಮ ಎಂದೂ ಅಲ್ಲ. ಕಾರ್ಸಿನಾಯ್ಡ್ ಎಂಬ ನಿಧಾನವಾಗಿ ಬೆಳೆಯುವ ಗೆಡ್ಡೆ, ಸಿಟಿಯಲ್ಲಿ ಮಬ್ಬು ಗಾಜಿನಂತೆ ಕಾಣುವ ಕೆಲವು ಕ್ಯಾನ್ಸರ್‌ಗಳು ಮಂಕಾಗಿಯೇ ಇರುತ್ತವೆ. ಶ್ವಾಸಕೋಶದ ತಳದ ಗಂಟು ಉಸಿರಿನ ಜೊತೆ ಅಲುಗುತ್ತದೆ. ಆಗ ಹೊಳಪು ಪಕ್ಕಕ್ಕೆ ಸರಿದಂತೆ ಕಾಣಬಹುದು, ಅಂಕಿಯೂ ಇಳಿಯುತ್ತದೆ. ಅದಕ್ಕೇ ಸಿಟಿಯ ಆಕಾರ ಮತ್ತು ಪೆಟ್‌ನ ಹೊಳಪನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ಫಿಲ್ಮ್‌ನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಇದ್ಯಾವುದೂ ತಿಳಿಯದು. ಸಿ.ಡಿ. ಕೇಳಿ ಪಡೆಯಿರಿ, ಎರಡನೇ ವೈದ್ಯರಿಗೆ ಅದನ್ನೇ ಕೊಡಿ.

ಅನುಮಾನ ಉಳಿದರೆ ಬಯಾಪ್ಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ತಿಂಗಳುಗಟ್ಟಲೆ ಮುಂದೂಡಬೇಡಿ, ಹಾಗಾಗುವುದು ತೀರಾ ಅಪರೂಪ. ಮೊದಲೇ ಒಂದು ಮಾತು ಕೇಳಿಬಿಡಿ: ಟಿಬಿ ಪರೀಕ್ಷೆಗೂ ಒಂದು ತುಣುಕು ಎತ್ತಿಡುತ್ತೀರಾ? ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಹಾಕಿದರೆ ಟಿಬಿ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಆಗುವುದಿಲ್ಲ, ಟಿಬಿ ಪರೀಕ್ಷೆಯ ತುಣುಕನ್ನು ಸಲೈನ್‌ನಲ್ಲಿ ಬೇರೆಯೇ ಕಳಿಸಬೇಕು.