ಡ್ರೈವ್ ಗುಂಡಿಯನ್ನು ಇಳಿಸಿದ ಮೇಲೆ

ಬೆಳಗಾವಿಯ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಹಲವು ವರ್ಷ ಗಿಟಾರ್ ನುಡಿಸಿದ ನನಗೆ ಪ್ರತಿ ವರ್ಷವೂ ಒಂದೇ ಕೊರಗು ಕಾಡುತ್ತಿತ್ತು. ಕೀಬೋರ್ಡ್, ಢೋಲಕ್ ಮತ್ತು ಆಕ್ಟೋಪ್ಯಾಡ್‌ಗಳ ನಡುವೆ ನನ್ನ ಗಿಟಾರ್ ವೇದಿಕೆಯ ಮೇಲೆ ಕಾಣಿಸುತ್ತಿತ್ತೇ ಹೊರತು ಕೇಳಿಸುತ್ತಿರಲಿಲ್ಲ. ಟಿಳಕವಾಡಿಯ ಮನೆಯಲ್ಲಿದ್ದ ಸಣ್ಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಗುಂಡಿ ಒತ್ತಿದರೆ ತಗಡಿನ ಡಬ್ಬಿಯಲ್ಲಿ ದುಂಬಿ ಸಿಕ್ಕಿಕೊಂಡಂತಹ ಸದ್ದು ಬರುತ್ತಿದ್ದುದರಿಂದ, ಒಂದು ಓವರ್‌ಡ್ರೈವ್ ಪೆಡಲ್ (ಅದೇ ಕೆಲಸವನ್ನು ಹದವಾಗಿ ಮಾಡುವ, ಕಾಲಿನಿಂದ ತುಳಿಯುವ ಪೆಟ್ಟಿಗೆ) ಕೊಳ್ಳಲು ನಿರ್ಧರಿಸಿದೆ.

ಐಬನೆಜ್‌ನ ಹಸಿರು ಟ್ಯೂಬ್ ಸ್ಕ್ರೀಮರ್ ಮತ್ತು ಬಾಸ್ ಕಂಪನಿಯು 1981ರಲ್ಲಿ ತಂದ ಹಳದಿ ಎಸ್‌ಡಿ-1, ಇವೆರಡರಲ್ಲಿ ಒಂದನ್ನು ಆರಿಸಬೇಕಿತ್ತು. ಗೋವಾದ ಪರಿಚಯದ ವಾದಕರೊಬ್ಬರು ತಮ್ಮ ಹಳೆಯ ಎಸ್‌ಡಿ-1 ಅನ್ನು ಮೂರೂವರೆ ಸಾವಿರಕ್ಕೆ ಕೊಡಲು ಒಪ್ಪಿದ್ದರಿಂದ ಆಯ್ಕೆ ತಾನಾಗಿಯೇ ಆಯಿತು. ಕೊಳ್ಳುವ ಮುನ್ನ ನನ್ನದೇ ಗಿಟಾರನ್ನು ಒಯ್ದು, ಗುಂಡಿ ತಿರುಗಿಸುವಾಗ ಕರಕರ ಸದ್ದು ಬರುತ್ತದೆಯೇ, ಜ್ಯಾಕ್ ಸಡಿಲವಾಗಿದೆಯೇ, ಬ್ಯಾಟರಿಯ ಗೂಡಿನಲ್ಲಿ ಕಿಲುಬು ಹಿಡಿದಿದೆಯೇ ಎಂಬುದನ್ನು ನೋಡಿಕೊಂಡೆ.

ಇಷ್ಟೆಲ್ಲ ನೋಡಿದವನು ಅಡಾಪ್ಟರ್ ವಿಷಯದಲ್ಲಿ ಎಡವಿದೆ. ಪೆಡಲ್‌ಗೆ ಬೇಕಾದದ್ದು ನಡುವಿನ ತುದಿ ಋಣವಾಗಿರುವ 9 ವೋಲ್ಟ್. ನಾನು ಚುಚ್ಚಿದ್ದು ನಡುವಿನ ತುದಿ ಧನವಾಗಿದ್ದ, ಕೀಬೋರ್ಡಿನ 12 ವೋಲ್ಟ್ ಅಡಾಪ್ಟರ್. ದೀಪ ಹತ್ತಲಿಲ್ಲ, ಸಣ್ಣಗೆ ಸುಟ್ಟ ವಾಸನೆ ಬಂತು. ಶಹಾಪುರದ ರೇಡಿಯೋ ರಿಪೇರಿಯವರು ಒಳಗೆ ನೋಡಿ, "ಉಲ್ಟಾ ಕರೆಂಟ್ ಕೊಟ್ಟೀರಿ ಸರ್, ಪುಣ್ಯಕ್ಕ ಡಯೋಡ್ ಒಂದೇ ಹೋಗೇದ" ಎಂದು, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಆ ಬಿಡಿಭಾಗದ ಜಾಗಕ್ಕೆ ಹೊಸ ಡಯೋಡ್ ಬೆಸುಗೆ ಹಾಕಿಕೊಟ್ಟರು.

ಪೆಡಲ್ ಮನೆಗೆ ಮರಳಿದಾಗ ಎಲ್ಲರಂತೆ ನಾನೂ, ಒರಟುತನವನ್ನು ಏರಿಸುವ ಡ್ರೈವ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಒಂಟಿ ಸ್ವರಗಳು ಚೆನ್ನಾಗಿಯೇ ಮೊಳಗಿದವು; ಆದರೆ ಚಿತ್ರಗೀತೆಗಳಿಗೆ ಬೇಕಾದ ಪೂರ್ಣ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿದ ಕೂಡಲೇ ಸ್ವರಗಳೆಲ್ಲ ಕಲಸಿ ರಾಡಿಯಾದವು. ಪೆಡಲ್‌ನ ಒಳಗಿನ ಡಯೋಡುಗಳು ಗಿಟಾರಿನಿಂದ ಬರುವ ವಿದ್ಯುತ್ ಅಲೆಯ ತಲೆಯನ್ನು ಮೆಲ್ಲಗೆ ಸವರಿ, ಮೂಲ ಸ್ವರದ ಜೊತೆಗೆ ಮೇಲೆ ಕೇಳುವ ಹೊಸ ಉಪಸ್ವರಗಳನ್ನು ಹುಟ್ಟಿಸುತ್ತವೆ. ಎಸ್‌ಡಿ-1ರಲ್ಲಿ ಅಲೆಯ ಒಂದು ಬದಿಗೆ ಒಂದು ಡಯೋಡ್, ಇನ್ನೊಂದು ಬದಿಗೆ ಎರಡು ಇರುವುದರಿಂದ ಸವರಿಕೆ ಎರಡೂ ಕಡೆ ಸಮನಾಗಿರುವುದಿಲ್ಲ. ಹುಟ್ಟುವ ಬಗೆ ಬೇರೆಯಾದರೂ, ಮಿರಜದ ತಂಬೂರಿಗೆ ಜವಾರಿ ಕೂಡಿಸಿದಾಗ, ಅಂದರೆ ತಂತಿಗಳಡಿಯ ಕುದುರೆಯನ್ನು ಹದಗೊಳಿಸಿದಾಗ, ಕೇಳುವ ಝೇಂಕಾರವನ್ನು ಬಲ್ಲವರಿಗೆ ಈ ಉಪಸ್ವರಗಳ ರುಚಿ ಹೊಸದೇನಲ್ಲ. ಕಾರ್ಡಿನಲ್ಲಿ ಮಾತ್ರ ಹಲವು ಸ್ವರಗಳು ಒಟ್ಟಿಗೆ ಸವರಿಕೆಗೆ ಒಳಗಾಗಿ, ಮೂಲದಲ್ಲಿಲ್ಲದ ಬೇಸುರಗಳೂ ಹುಟ್ಟಿಕೊಳ್ಳುತ್ತವೆ.

ಹಾಗಾಗಿ ಡ್ರೈವ್ ಅನ್ನು ಕಾಲು ಭಾಗಕ್ಕೆ ಇಳಿಸಿ, ಒಟ್ಟು ಸದ್ದಿನ ಲೆವೆಲ್ ಅನ್ನು ಮುಕ್ಕಾಲಿಗೆ ಏರಿಸಿ, ನಾದದ ಚುರುಕನ್ನು ಹೊಂದಿಸುವ ಟೋನ್ ಅನ್ನು ನಡುವಿನಿಂದ ತುಸು ಕೆಳಗಿಟ್ಟೆ. ಆ ವರ್ಷದ ಪೆಂಡಾಲಿನಲ್ಲಿ ನನ್ನ ಕೊರಗು ನೀಗಿತು. ಈ ಪೆಡಲ್ ಮಂದ್ರದ ಭಾರವನ್ನು ಇಳಿಸಿ ಮಧ್ಯದ ಧ್ವನಿಯನ್ನು ಮುಂದೆ ಮಾಡುವುದರಿಂದ, ಢೋಲಕ್‌ಗೆ ಅದರ ಜಾಗ ಬಿಟ್ಟುಕೊಟ್ಟೂ ಗಿಟಾರ್ ಕೇಳಿಸಿತು. ಮನೆಯಲ್ಲಿ ಒಬ್ಬನೇ ಕುಳಿತು ನುಡಿಸುವಾಗ ಮೂಗಿನಿಂದ ಹಾಡಿದಂತೆ ಕೇಳುವ ಇದೇ ಗುಣ ಮೇಳದಲ್ಲಿ ಉಪಕಾರಿಯಾದದ್ದು ನನಗೆ ಅನಿರೀಕ್ಷಿತವಾಗಿತ್ತು. ಹಾಡಿನ ಚರಣ ಬಂದಾಗ ಪೆಡಲ್ ತುಳಿದು ಆರಿಸುವುದಕ್ಕಿಂತ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಇಳಿಸಿದರೆ ನಾದ ತಾನೇ ತಿಳಿಯಾಗುತ್ತದೆ. ಈಗ ನಾನು ಹಾಗೆಯೇ ಮಾಡುತ್ತೇನೆ.

ಪೆಂಡಾಲಿನ ವಿದ್ಯುತ್ ತಂತಿಗಳಿಗೆ ಅರ್ತಿಂಗ್ ಸರಿಯಿಲ್ಲದಿದ್ದರೆ ಅಡಾಪ್ಟರಿನೊಂದಿಗೆ ಗುಂಯ್‌ಗುಡುವ ಸದ್ದು ಏಳುವುದರಿಂದ, ಅಲ್ಲಿ 9 ವೋಲ್ಟಿನ ಬ್ಯಾಟರಿಯನ್ನೇ ಬಳಸುತ್ತೇನೆ. ಇನ್‌ಪುಟ್ ಜ್ಯಾಕಿಗೆ ಕೇಬಲ್ ಚುಚ್ಚಿದ್ದಷ್ಟು ಹೊತ್ತೂ, ದೀಪ ಆರಿದ್ದರೂ, ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಇದನ್ನು ತಿಳಿಯುವ ಮೊದಲು ಎರಡು ಬ್ಯಾಟರಿಗಳನ್ನು ಚೀಲದೊಳಗೇ ಬರಿದು ಮಾಡಿದ್ದೆ.